ಧೂಳಿನ ತಟ್ಟೆಯಲ್ಲೊಂದು ಚುಕ್ಕೆ

ಲಾಳಿಯ ಸದ್ದು ನಿಂತಿತು, ಅವ್ವ ಮಗ್ಗದ ಗುಂಡಿಯಲ್ಲಿ ಕಾಲಿಟ್ಟುಕೊಂಡೇ ನೇಯುತ್ತಿದ್ದ ಸೀರೆಯ ಸೆರಗಿನ ಮೇಲೆ ಬಾಗಿದ್ದಾಳೆ, ಏನೋ ಚುಕ್ಕೆ ಕಂಡಿರಬೇಕು, ನನ್ನ ಲ್ಯಾಪ್‌ಟಾಪಿನಲ್ಲೂ ಒಂದು ಚುಕ್ಕೆ — ಇನ್ನೂ ಎಳೆಯ ನಕ್ಷತ್ರ, ಸುತ್ತ ಧೂಳಿನ ತಟ್ಟೆ, ತಟ್ಟೆಯಲ್ಲಿ ಯಾರೋ ಗುಡಿಸಿಟ್ಟಂಥ ಕಪ್ಪು ಉಂಗುರ, ಉಂಗುರದೊಳಗೆ ಈ ಮಸುಕು ಬೆಳಕು, ದಾರಿಯ ಧೂಳನ್ನೆಲ್ಲ ಬಳಿದುಕೊಂಡು ದಪ್ಪಗಾಗುತ್ತಿರುವ ಗ್ರಹವೋ ಇಲ್ಲಾ ಮತ್ತೆ — ಬೇಡ, ಮತ್ತೆ ಅನ್ನಬಾರದು, ಹೋದ ವರ್ಷ ಚಳ್ಳಕೆರೆಯ ಸಭೆಯಲ್ಲಿ ಇನ್ನೊಂದು ನಕ್ಷತ್ರ ತೋರಿಸಿ ಗ್ರಹ ಅಂದೆ, ಕ್ಯಾಮೆರಾದ ಕಲೆಯಾಗಿತ್ತು, ನಿಮ್ಮ ಗ್ರಹಕ್ಕೆ ಒರೆಸೋ ಬಟ್ಟೆ ಕೊಡ್ಲಾ ಮೇಡಂ, ಜೊತೆಗೆ ಕೆಲಸ ಮಾಡುವ ಮಹಾಂತೇಶ್ ಅಂದಿದ್ದ, ಊಟದ ಹೊತ್ತಿಗೂ ನನ್ನ ಕಿವಿ ಬಿಸಿ. ಈಗ ಅವನದೇ ಮೆಸೇಜು, ಲೇಖನ ನಾಲ್ಕಕ್ಕೆ ಕಳಿಸ್ಬೇಕು, ಗ್ರಹ ಅಂತ ಬರೀಲಾ ಬೇಡ್ವಾ ಹೇಳ್ರಿ, ಮೂರೂವರೆ ಆಗಿದೆ, ಊರಿಗೆ ಬರುವ ಬಸ್ಸಿನಲ್ಲಿ ತಳಕು ದಾಟುವಾಗಲೂ ಇದನ್ನೇ ನೋಡುತ್ತಿದ್ದೆ, ಮೊಳಕಾಲ್ಮುರು ಬಂದದ್ದು ಕಂಡಕ್ಟರ್ ಕೂಗಿದ ಮೇಲೇ ಗೊತ್ತಾಯಿತು, ಇದೇ ನಕ್ಷತ್ರದ ಇನ್ನೊಂದು ಚಿತ್ರ ಇದೆ, ಎರಡು ವರ್ಷ ಹಿಂದಿನದು, ಬೇರೆ ದೂರದರ್ಶಕ, ಬೇರೆ ಕ್ಯಾಮೆರಾ, ಮೊನ್ನೆಯೇ ಬಂದಿದೆ, ತೆರೆದಿಲ್ಲ, ತೆರೆದಾಗ ಚುಕ್ಕೆ ಇರದಿದ್ದರೆ —

ಏನವ್ವ ಅದು, ಧೂಳಾ, ಅವ್ವ ಉಫ್ ಎಂದು ಊದಿದಳು, ಹೋಗಲಿಲ್ಲ, ಮೇಲೆ ನೋಡಿ ಹೇಳಕಾಗಲ್ಲ ಕಣೆ, ಧೂಳಾದ್ರೆ ಮೇಲಷ್ಟೇ, ನೂಲಾದ್ರೆ ಅಡೀಲೂ ಇರ್ತೈತೆ, ಬಟ್ಟೆಯಡಿಗೆ ಕೈ ಹಾಕಿ ಸವರುತ್ತಾಳೆ, ಕಣ್ಣು ಮುಚ್ಚಿ, ನೂಲೇ, ಎರಡು ಬೆರಳಷ್ಟು ನೇಯ್ದಿದ್ದು ಬಿಚ್ಬೇಕು, ಹಾಳಾಗೋಗ್ಲಿ, ಅವಳು ಹೆದರಲಿಲ್ಲ, ಬೈದಳು, ಬಿಚ್ಚಲು ಶುರುಮಾಡಿದಳು, ನಾನೋ ಮೂರು ದಿನದಿಂದ ಬರೀ ಮೇಲಿನಿಂದ ನೋಡುತ್ತಿದ್ದೇನೆ, ಅಡಿಗೆ ಕೈ ಹಾಕಿಲ್ಲ, ಒತ್ತು, ಒತ್ತಿದೆ, ಹಳೆಯ ಚಿತ್ರ ನಿಧಾನ ಬಿಚ್ಚಿಕೊಳ್ಳುತ್ತದೆ, ನಕ್ಷತ್ರ, ತಟ್ಟೆ, ಉಂಗುರ, ಹೊಸದರಲ್ಲಿ ಚುಕ್ಕೆ ಇದ್ದ ಜಾಗದಲ್ಲಿ ಏನೂ ಇಲ್ಲ, ಇಲ್ಲ, ತಡಿ, ಪಕ್ಕದಲ್ಲಿ, ಸಾಸಿವೆಯಷ್ಟು ಹಿಂದೆ, ಅದೇ ಉಂಗುರದಲ್ಲಿ, ಅದೇ ಮಸುಕು — ಕಲೆ ನಡೆಯುವುದಿಲ್ಲ, ಇದು ನಡೆದಿದೆ, ಎರಡು ವರ್ಷಕ್ಕೆ ನಡೆಯಬೇಕಾದಷ್ಟೇ ನಡೆದಿದೆ, ಯಾಕೇ ಹಂಗೆ ಬಗ್ಗಿ ನೋಡ್ತೀಯ, ನಿಂದೂ ನೂಲೇನೆ, ಹೂಂ ಅವ್ವ, ನೂಲೇ, ಗ್ರಹ ಅಂತ್ಲೇ ಬರೀರಿ ಎಂದು ಕಳಿಸಿದೆ, ಮಹಾಂತೇಶ್ ಏನೋ ಉತ್ತರ ಬರೆಯುತ್ತಿದ್ದಾನೆ, ಬರೆದುಕೊಳ್ಳಲಿ, ಹಳೆಯ ಚಿತ್ರ, ಹೊಸ ಚಿತ್ರ, ಬೆರಳು ನಿಲ್ಲುತ್ತಿಲ್ಲ, ಹಳೆಯದು, ಹೊಸದು, ಚುಕ್ಕೆ ಇಲ್ಲಿ, ಚುಕ್ಕೆ ಅಲ್ಲಿ, ಇಲ್ಲಿ, ಅಲ್ಲಿ, ಚುಕ್ಕೆ