ಅರವತ್ತನಾಲ್ಕು ರಾಜೀನಾಮೆ

"ಗಂಡ ಸತ್ತು ಹನ್ನೊಂದು ವರ್ಷ ಆದ ಮುದುಕಿಗೆ ಹೆರಿಗೆಯಾ? ಯಾರದ್ದಾ ಬಸುರು, ಬೇವರ್ಸಿ?"

ಧಣಿ ಕಾಗದವನ್ನು ನನ್ನ ಮುಖಕ್ಕೆ ಎಸೆದ. ಅದು ನನ್ನ ಅಮ್ಮ ಪೂವಮ್ಮನ ರಾಜೀನಾಮೆ. 'ಹೆರಿಗೆಯ ನಿಮಿತ್ತ ಕೆಲಸ ಬಿಡುತ್ತಿದ್ದೇನೆ' ಎಂದು ಅಚ್ಚಾಗಿತ್ತು. ಕೆಳಗೆ ಅವಳ ಹೆಬ್ಬೆಟ್ಟು. ಗೇರುಬೀಜದ ಸಿಪ್ಪೆಯ ಎಣ್ಣೆಗೆ ಗೆರೆಗಳೆಲ್ಲ ಸುಟ್ಟು ಬರೀ ನೀಲಿ ಕಲೆಯಾಗಿದ್ದ ಹೆಬ್ಬೆಟ್ಟು. ಕಿಟಕಿಯಾಚೆ ಬೀಜ ಒಡೆಯುತ್ತಿದ್ದ ಅಮ್ಮನ ಕೈ ನಿಂತಿತು.

"ಲೇಬರ್ ಇನ್ಸ್‌ಪೆಕ್ಟರ್ ನನ್ನದೇ ಕೋಳಿ ಸಾರು ಉಂಡು ನನ್ನನ್ನೇ ನಗಾಡಿದ. ಐವತ್ತಾರು ವರ್ಷದವಳು ಹೆರ್ತಾಳಾ ಅಂತ. ಇಡೀ ಕಟ್ಟು ವಾಪಾಸು ಕೊಟ್ಟ. ಸಂಜೆಯೊಳಗೆ ಅರವತ್ತನಾಲ್ಕೂ ಹೊಸತು ಆಗ್ಬೇಕು. ಆ ಸತ್ತ ಚನಿಯನ ಮಗ ನಿನ್ನನ್ನು ಕುರ್ಚಿಯಲ್ಲಿ ಕೂರಿಸಿದ್ದೇ ನನ್ನ ತಪ್ಪು."

ನರಿಕೊಂಬಿನ ಆ ಗೇರುಬೀಜದ ಕಾರ್ಖಾನೆಯಲ್ಲಿ ಯಾವ ಹೆಂಗಸಿಗೂ ವರ್ಷಕ್ಕೆ ಇನ್ನೂರ ನಲವತ್ತು ದಿನದ ಕೆಲಸ ತುಂಬಬಾರದು. ತುಂಬಿದರೆ ಕಾಯಂ ಮಾಡಿ ಎಂದು ಕಾನೂನು ಹಿಡಿದು ಕೇಳುತ್ತಾರೆ. ಅದಕ್ಕೇ ಪ್ರತಿ ವರ್ಷ ಎಲ್ಲರೂ 'ತಾವಾಗಿಯೇ' ರಾಜೀನಾಮೆ ಕೊಡಬೇಕು, ವಾರ ಮನೆಯಲ್ಲಿ ಕೂತು ಹೊಸಬರ ಹಾಗೆ ಬರಬೇಕು. ಮೊದಲು ರೈಟರ್ ಧರ್ಣಪ್ಪಣ್ಣ ಒಂದೊಂದೇ ಪತ್ರ ಕೈಯಲ್ಲಿ ಬರೆಯುತ್ತಿದ್ದ. ತಿಂಗಳು ಹಿಡಿಯುತ್ತಿತ್ತು.

ಒಂಬತ್ತನೆಯಲ್ಲಿ ಶಾಲೆ ಬಿಟ್ಟು ಮೂಟೆ ಹೊರುತ್ತಿದ್ದ ನಾನು ಬಿ.ಸಿ.ರೋಡಿನ ಡಿಟಿಪಿ ಅಂಗಡಿಯ ಅಶ್ರಫನ ಬೆನ್ನ ಹಿಂದೆ ನಿಂತು ಕಂಪ್ಯೂಟರ್ ಕಲಿತವನು. ಒಂದು ಪಟ್ಟಿಯಲ್ಲಿ ಹೆಸರು, ಇನ್ನೊಂದರಲ್ಲಿ ಐದು ಕಾರಣ: ಮಗಳ ಮದುವೆ, ಕಾಲುನೋವು, ಗಂಡನ ಕಾಯಿಲೆ, ಹೆರಿಗೆ, ಬೇಸಾಯ. ಒಂದು ಸಣ್ಣ ಪ್ರೋಗ್ರಾಮು ಬರೆದೆ. ಅದು ಹೆಸರಿಗೊಂದು ಕಾರಣ ಸರದಿಯಲ್ಲಿ ಅಂಟಿಸಿ ಪತ್ರ ಉಗುಳುತ್ತಿತ್ತು. ಇಪ್ಪತ್ತು ನಿಮಿಷದ ಕೆಲಸ. ಧಣಿ ನನಗೆ ಫ್ಯಾನಿನ ಕೆಳಗೆ ಕುರ್ಚಿ ಕೊಟ್ಟ. ಧರ್ಣಪ್ಪಣ್ಣನ ಸಂಬಳ ಅರ್ಧ ಮಾಡಿದ. ನಾನು ಹಿಗ್ಗಿದ್ದೆ.

ಮಧ್ಯಾಹ್ನ ಅಮ್ಮ ಬೂದಿಯಲ್ಲಿ ಕೈ ಉಜ್ಜುತ್ತಿದ್ದಳು.

"ಈ ಸಲ ಇನ್ನೂರ ಮೂವತ್ತಾರು ಆಗಿತ್ತು ಮಗಾ. ಪಟ್ಟಿಯಲ್ಲಿ ನಾನು ಕೊನೆ. ನನ್ನ ತನಕ ಬರುವಾಗ ಧರ್ಣಪ್ಪಣ್ಣನಿಗೆ ಬೆರಳಿನ ಗಂಟು ಹಿಡೀತಿತ್ತು, ಪತ್ರ ತಡ ಆಗ್ತಿತ್ತು. ಇನ್ನು ನಾಲ್ಕೇ ದಿನ, ದಾಟಿಬಿಡ್ತಿದ್ದೆ. ಆ ಗಂಟುನೋವು ದೇವರು ಕೊಟ್ಟದ್ದು. ನೀನು ಅದನ್ನು ಗುಣ ಮಾಡಿದಿ."

ಬೈದಿದ್ದರೆ ಚೆನ್ನಾಗಿತ್ತು.

ನಾನು ಒಳಗೆ ಹೋಗಿ ಐದೂ ಕಾರಣ ಅಳಿಸಿದೆ. ಅಲ್ಲಿ ಒಂದೇ ಹಾಕಿದೆ. ಹಳೇ ಹಾಜರಿ ಪುಸ್ತಕಗಳಿಂದ ಪ್ರತಿಯೊಬ್ಬಳು ದುಡಿದ ವರ್ಷಗಳ ಲೆಕ್ಕ ತೆಗೆದು ಹೆಸರಿನ ಪಕ್ಕ ಸೇರಿಸಿದೆ. ಪ್ರಿಂಟರು ಕಿರುಗುಟ್ಟಿತು. ಹೆಬ್ಬೆಟ್ಟು ಒತ್ತಿಸುವ ಮೊದಲು ಹೆಂಗಸರಿಗೆ ಓದಿ ಹೇಳಿದೆ; ಧಣಿಯ ರುಜು ಬಿದ್ದರೆ ಕೋರ್ಟಿನಲ್ಲಿ ಇದೇ ಸಾಕ್ಷಿ ಎಂದೆ.

"ಇದು ಧಣಿ ಕಣ್ಣಿಗೆ ಬಿದ್ರೆ ನಾಳೆ ನಮ್ಮ ಒಲೆಗೆ ನೀರು," ಎಂದಳು ನೀಲಾವತಿ.

"ಈಗ ನಿನ್ನ ಒಲೆಯಲ್ಲಿ ಪಾಯಸ ಬೇಯ್ತಾ ಉಂಟಾ? ಒತ್ತು ಮಾರಾಯ್ತಿ," ಎಂದಳು ಪ್ರೇಮಾವತಿ. ಮೊದಲು ಒತ್ತಿದವಳು ಅವಳೇ.

ನಾಲ್ಕು ಗಂಟೆಗೆ ಧಣಿ ಫೋನನ್ನು ಹೆಗಲಿಗೆ ಸಿಕ್ಕಿಸಿಕೊಂಡು, ಯಾರಿಗೋ ಬೀಜದ ರೇಟು ಹೇಳುತ್ತಾ ಪೆನ್ನು ತೆಗೆದ.

"ಧರ್ಣಪ್ಪ, ಓದಿದಿಯಾ?"

ಧರ್ಣಪ್ಪಣ್ಣ ಮೇಲಿನ ಹಾಳೆ ಎತ್ತಿ ಓದಿದ. ಮತ್ತೊಮ್ಮೆ ಓದಿದ. ನನ್ನ ಮುಖ ನೋಡಿದ.

"ಓದಿದೆ ಧಣಿ. ಒಂದು ತಪ್ಪಿಲ್ಲ."

ಧಣಿ 'ಅಂಗೀಕರಿಸಿದೆ' ಎಂದು ರುಜು ಹಾಕುತ್ತಾ ಹೋದ. ಧರ್ಣಪ್ಪಣ್ಣ ಮೊಹರು ಗುದ್ದುತ್ತಾ ಹೋದ. ಶಾಯಿ ಒಣಗಲೆಂದು ನಾನು ಒಂದೊಂದನ್ನೇ ಕಿಟಕಿಯ ದಂಡೆಗೆ ಇಟ್ಟೆ. ಆಚೆಯಿಂದ ನೀಲಾವತಿಯ ಕಪ್ಪು ಕೈ ಬಂದು ತೆಗೆದುಕೊಂಡಿತು. ಹೆಂಗಸರು ಅವರವರ ಹಾಳೆಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿದರು.

ಅರವತ್ತಮೂರು ಆಯಿತು. ಧಣಿ ಫೋನು ಕೆಳಗಿಟ್ಟು ಕೊನೆಯದನ್ನು ಎಳೆದುಕೊಂಡ.

"ಇದು ಬಾಣಂತಿಯದ್ದಲ್ಲವಾ? ಈ ಸಲ ಎಂತ ಹಾಕಿದ್ದಿ, ಅವಳಿಜವಳಿಯಾ?" ನಗುತ್ತಲೇ ಗಟ್ಟಿಯಾಗಿ ಓದಿದ: "ಪೂವಮ್ಮ ಆದ ನಾನು ಇಪ್ಪತ್ತಮೂರು ವರ್ಷಗಳಿಂದ ಇದೇ ಕಾರ್ಖಾನೆಯಲ್ಲಿ ದುಡಿಯುತ್ತಿದ್ದೇನೆ. ನನಗೆ ಕೆಲಸ ಬಿಡುವ ಮನಸ್ಸಿಲ್ಲ. ಹೆಬ್ಬೆಟ್ಟು ಒತ್ತದಿದ್ದರೆ ಒಳಗೆ ಬಿಡುವುದಿಲ್ಲವೆಂದು ಧಣಿಗಳು ಹೇಳಿದ್ದರಿಂದ..."

ಸ್ವರ ನಿಂತಿತು. ಅವನ ಕೈ ಮೇಜಿನ ಮೇಲೆಲ್ಲ ತಡಕಾಡಿತು. ಮೇಜು ಖಾಲಿ.

"ಉಳಿದದ್ದೆಲ್ಲಿ? ಎಲ್ಲಿ ಉಂಟಾ, ನಾಯಿ?"

ನಾನು ಕಿಟಕಿಯ ಕಡೆ ನೋಡಿದೆ. ಹೆಂಗಸರು ಅಂಗಳ ದಾಟುತ್ತಿದ್ದರು. ಎಲ್ಲರಿಗಿಂತ ಮುಂದೆ ಅಮ್ಮ, ಸೊಂಟದಲ್ಲಿ ಕಾಗದವೇ ಇಲ್ಲದವಳು.

"ಗೇಟು ಹಾಕಾ!" ಧಣಿ ಕಿರುಚಿದ.

ಕಾವಲಿನವನು ಗೇಟು ಹಾಕಿದ. ಚಿಲಕ ಬಿದ್ದ ಸದ್ದು ಇಲ್ಲಿಯ ತನಕ ಕೇಳಿತು.

ಯಾರೂ ನಡಿಗೆ ನಿಲ್ಲಿಸಲಿಲ್ಲ.