ಸದನದ ಮೇಜಿನ ಮೇಲೆ ಸ್ಯಾವಿಯೊ

ಬಹ್ರೇನ್‌ನ ಉಮ್ ಅಲ್ ಹಸ್ಸಮ್ ಬಡಾವಣೆಯ ಎರಡು ಸಂಸಾರಗಳ ಚರಿತ್ರೆಯಲ್ಲಿ ನವೆಂಬರ್ ಇಪ್ಪತ್ತೆಂಟು ಮರೆಯಬಾರದ ದಿನ. ಅಂದು ದೆಹಲಿಯಲ್ಲಿ ಹೊರಬಿದ್ದ ಒಂದು ಪಟ್ಟಿಯಲ್ಲಿ, ನೂರಿಪ್ಪತ್ತಾರು ಎಂಬ ಅಂಕಿಯ ಪಕ್ಕದಲ್ಲಿ ಒಂದು ಚುಕ್ಕೆ ಕಾಣಿಸಿಕೊಂಡಿತು. ಗಾತ್ರದಲ್ಲಿ ಸಾಸಿವೆ ಕಾಳಿಗಿಂತ ಚಿಕ್ಕದು. ಅದನ್ನು ಮೊದಲು ಕಂಡ ಲಕ್ಷ್ಮೀಪತಿಯವರು ಸೋಫಾದಿಂದ ಎದ್ದು ನಿಂತರು. ಅವರು ನಿಂತದ್ದರಿಂದ ಹರ್ಬರ್ಟನೂ ನಿಂತ. ಕಾಫಿ ಹಿಡಿದು ಬಂದ ಲಕ್ಷ್ಮೀಪತಿಯವರ ಹೆಂಡತಿ ಜಯಮಾಲಾ, ಯಾರೋ ತೀರಿಕೊಂಡರೆಂದು ತಿಳಿದು ಬಾಗಿಲಲ್ಲೇ ನಿಂತಳು.

“ಚುಕ್ಕೆ ಬಂತು,” ಎಂದರು ಲಕ್ಷ್ಮೀಪತಿ.

“ಎಂತ ಚುಕ್ಕೆ ಸಾರ್?” ಎಂದಳು ರೋಸಲಿನ್. ಅವಳೊಬ್ಬಳೇ ಕೂತಿದ್ದಳು.

“ಚುಕ್ಕೆ ಗುರುತಿನ ಪ್ರಶ್ನೆ ಅಂದ್ರೆ ಮಿನಿಸ್ಟರು ಲೋಕಸಭೆಯಲ್ಲಿ ಎದ್ದು ನಿಂತು ಬಾಯಲ್ಲೇ ಉತ್ತರ ಕೊಡಬೇಕು ಸಿಸ್ಟರ್. ಚುಕ್ಕೆ ಇಲ್ಲದಿದ್ರೆ ಬರೀ ಪೇಪರ್ ಕೊಟ್ಟು ಕೈ ತೊಳ್ಕೋತಾರೆ. ದಿನಕ್ಕೆ ಇಪ್ಪತ್ತಕ್ಕೆ ಮಾತ್ರ ಈ ಭಾಗ್ಯ. ಚೀಟಿ ಎತ್ತಿ ಆರಿಸ್ತಾರೆ.”

“ಲಾಟರಿ ಹಾಗೆ,” ಎಂದ ಹರ್ಬರ್ಟ್.

“ಲಾಟರಿ ಅಲ್ರೀ, ಬ್ಯಾಲಟ್! ಡೆಮಾಕ್ರಸಿ!”

“ಇಪ್ಪತ್ತೈದು ವರ್ಷದಿಂದ ನಾನು ಕೇಳಿದ ಒಂದಕ್ಕೂ ಈ ಮನೇಲಿ ಉತ್ತರ ಬಂದಿಲ್ಲ,” ಎಂದಳು ಜಯಮಾಲಾ, ಲೋಟಗಳನ್ನು ಇಡುತ್ತ. “ಚುಕ್ಕೆ ಇಟ್ಟು ಕೇಳ್ಬೇಕು ಅಂತ ಗೊತ್ತಿರ್ಲಿಲ್ಲ.”

ಲಕ್ಷ್ಮೀಪತಿಯವರು ದಾವಣಗೆರೆಯವರು, ಸೀಫ್ ಬಡಾವಣೆಯ ಕಂಪನಿಯೊಂದರಲ್ಲಿ ಕಟ್ಟಡಗಳ ಎಂಜಿನಿಯರ್. ಬಹ್ರೇನ್‌ನಲ್ಲಿರುವ ಬೇರೆ ಗಂಡಸರು ಕ್ರಿಕೆಟ್ ನೋಡುವ ಹಾಗೆ ಅವರು ಸಂಸತ್ತಿನ ಕಲಾಪ ನೋಡುತ್ತಿದ್ದರು, ಸಭಾಧ್ಯಕ್ಷರು ಗಂಟೆ ಬಾರಿಸಿದರೆ ಅಂಪೈರ್ ತಪ್ಪು ಮಾಡಿದನೆಂಬಂತೆ ಬೈಯುತ್ತಿದ್ದರು. ಎದುರು ಫ್ಲ್ಯಾಟಿನ ನರ್ಸ್ ರೋಸಲಿನ್‌ಳಿಗಾಗಲಿ, ಹೋಟೆಲೊಂದರಲ್ಲಿ ಸ್ಟೋರ್ ನೋಡಿಕೊಳ್ಳುವ ಅವಳ ಗಂಡ ಹರ್ಬರ್ಟನಿಗಾಗಲಿ ಆ ಚಟವಿರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ತಮ್ಮ.

ಸ್ಯಾವಿಯೊ ಅವಳಿಗಿಂತ ಹದಿನಾಲ್ಕು ವರ್ಷ ಚಿಕ್ಕವನು, ಸಣ್ಣ ಸರಕು ಹಡಗೊಂದರ ಅಡುಗೆಯವನು. ಫೆಬ್ರವರಿಯಲ್ಲಿ ಆ ಹಡಗು ಬಹ್ರೇನ್ ತೀರದಿಂದ ಮೂರು ಕಿಲೋಮೀಟರ್ ದೂರದಲ್ಲಿ ಲಂಗರು ಹಾಕಿತು, ಅದೇ ವಾರ ಅದರ ಮಾಲೀಕರು ಫೋನ್ ಎತ್ತುವುದನ್ನು ಬಿಟ್ಟರು. ಕೋರ್ಟು ಹಡಗನ್ನು ಜಪ್ತಿ ಮಾಡಿತು. ಅದರಲ್ಲಿದ್ದ ಎಂಟು ಮಂದಿ ಭಾರತೀಯರಲ್ಲಿ ಏಳು ಮಂದಿಗೆ ಜುಲೈಯಲ್ಲಿ ಊರಿಗೆ ಹೋಗುವ ಕಾಗದ ಸಿಕ್ಕಿತು. ಎಂಟನೆಯವನಿಗೆ ಸಿಗುವಂತಿರಲಿಲ್ಲ. ಜಪ್ತಿಯಾದ ಹಡಗನ್ನು ಖಾಲಿ ಬಿಡಬಾರದು, ಒಬ್ಬ ಕಾವಲುಗಾರ ಕೋರ್ಟಿಗೆ ರುಜು ಹಾಕಿಕೊಡಬೇಕು, ಹಾಕಿದ ಮೇಲೆ ಹಡಗು ಹರಾಜಾಗುವ ತನಕ ಅವನು ದೇಶ ಬಿಡಬಾರದು. ದೇಶ ಬಿಡಬಾರದವನಿಗೆ ದೇಶದೊಳಗೆ ಕಾಲಿಡಲು ವೀಸಾ ಕೂಡ ಇಲ್ಲ, ಆದ್ದರಿಂದ ಹಡಗೇ ಗತಿ. ಎಂಟು ಮಂದಿ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಏಳು ಮಂದಿ ಸ್ಯಾವಿಯೊನ ಮುಖ ನೋಡಿದರು. ಅವನ ಅಕ್ಕ ಇದೇ ಊರಿನಲ್ಲಿದ್ದಳಲ್ಲ!

ಅವನು ಫೋನ್ ಮಾಡಿ ಕೇಳಿದ. ರೋಸಲಿನ್ ವಾರ್ಡಿನಲ್ಲಿದ್ದಳು, ಒಂದು ಕೈಯಲ್ಲಿ ಸಿರಿಂಜು. “ಹಾಕು ರುಜು,” ಎಂದಳು. “ಎರಡು ವಾರದ ಮಾತು. ನಾನಿಲ್ಲವಾ ಇಲ್ಲಿ?”

ಆ ಮಾತು ಆಡಿ ಐದು ತಿಂಗಳಾಗಿತ್ತು. ಪ್ರತಿ ಶನಿವಾರ ಮೀನುಗಾರ ಶಹೀರ್ ತನ್ನ ದೋಣಿಯಲ್ಲಿ ನೀರು, ಅಕ್ಕಿ, ಫೋನಿಗೆ ಚಾರ್ಜು ತುಂಬಿದ ಪವರ್ ಬ್ಯಾಂಕುಗಳನ್ನು ಹಡಗಿಗೆ ಮುಟ್ಟಿಸುತ್ತಿದ್ದ. ಎರಡು ಸಲ ಅವಳೂ ಹೋಗಿದ್ದಳು. ಹತ್ತಲು ಅನುಮತಿ ಇಲ್ಲ, ತುಕ್ಕು ಹಿಡಿದ ಗೋಡೆಯ ಕೆಳಗೆ ದೋಣಿಯಲ್ಲಿ ನಿಂತು ಮೇಲೆ ನೋಡಿ ಮಾತಾಡಬೇಕು. ಎರಡನೆಯ ಸಲ ಅವನ ವಸಡಿನಿಂದ ರಕ್ತ ಬರುತ್ತಿದ್ದದ್ದು ಕೆಳಗಿನಿಂದಲೇ ಕಂಡಿತು. ದಿನಾ ಬೆಳಿಗ್ಗೆ ಎಂಟು ತಟ್ಟೆ ತೊಳೆದಿಡುತ್ತೇನೆ ಎಂದು ಅವನು ಹೇಳಿದ. ಯಾಕೆ ಎಂದು ಕೇಳಿದ್ದಕ್ಕೆ, ಧೂಳು ಕೂರುತ್ತದಲ್ಲ ಎಂದ.

ಬದಲಿ ಕಾವಲುಗಾರನನ್ನು ಹಡಗಿನ ಏಜೆಂಟನೇ ಕೊಡಬೇಕು ಎಂದು ವಕೀಲರು ಹೇಳಿದ್ದರು. ಏಜೆಂಟನ ಕಚೇರಿಗೆ ಹರ್ಬರ್ಟ್ ನಾಲ್ಕು ಸಲ ಹೋಗಿ ಬಂದ. ನಾಲ್ಕು ಸಲವೂ ಶಟರಿಗೆ ಅದೇ ಬೀಗವಿತ್ತು.

ಆಗ ಲಕ್ಷ್ಮೀಪತಿಯವರು ಲೋಕಸಭೆಯ ದಾರಿ ತೋರಿಸಿದರು. ಕರಾವಳಿಯ ಎಂಪಿಯೊಬ್ಬರಿಗೆ ಹಿಂದಿನ ರಾಜ್ಯೋತ್ಸವದಲ್ಲಿ ಇಲ್ಲಿನ ಕನ್ನಡಿಗರು ಪೇಟ ತೊಡಿಸಿದ್ದರು, ಪೇಟದ ಅಳತೆ ಕೇಳಲು ಅವರ ಪಿ.ಎ. ನಂಬರನ್ನು ಲಕ್ಷ್ಮೀಪತಿಯವರು ತೆಗೆದುಕೊಂಡಿದ್ದರು. ಪ್ರಶ್ನೆಯ ಕರಡನ್ನು ಮೊದಲು ಬರೆದವಳು ರೋಸಲಿನ್: ‘ನನ್ನ ತಮ್ಮನನ್ನು ಹಡಗಿನಿಂದ ಯಾವಾಗ ಇಳಿಸುತ್ತೀರಿ?’ ಮಗು ಬಿಡಿಸಿದ ಮನೆಯ ಚಿತ್ರವನ್ನು ಎಂಜಿನಿಯರ್ ನೋಡುವಂತೆ ಅದನ್ನು ನೋಡಿ ಲಕ್ಷ್ಮೀಪತಿಯವರು ಮೂರು ಸಂಜೆ ಕೂತು ಬೇರೆಯದನ್ನು ಕಟ್ಟಿದರು. ವಿದೇಶಿ ಜಲಪ್ರದೇಶಗಳಲ್ಲಿ ಮಾಲೀಕರು ಕೈಬಿಟ್ಟ ಹಡಗುಗಳಲ್ಲಿ ಸಿಲುಕಿರುವ ಭಾರತೀಯ ನಾವಿಕರು ಎಷ್ಟು, ದೇಶವಾರು ವಿವರಗಳೇನು, ಸರ್ಕಾರ ಕೈಗೊಂಡ ಕ್ರಮಗಳೇನು, ಹಾಗೂ ಈ ಬಗ್ಗೆ ಆಯಾ ದೇಶಗಳಲ್ಲಿ ಜಾರಿಯಲ್ಲಿರುವ ಕಾನೂನುಗಳ ವಿವರಗಳೇನು?

“ಇದರಲ್ಲಿ ಸ್ಯಾವಿಯೊ ಎಲ್ಲಿ ಉಂಟು?” ಎಂದಳು ರೋಸಲಿನ್.

“ಹೆಸರು ಹಾಕಿದ್ರೆ ತಳ್ಳಿಹಾಕ್ತಾರೆ ಸಿಸ್ಟರ್. ಕ್ಷುಲ್ಲಕ ವಿಷಯ ಕೇಳಬಾರದು ಅಂತ ರೂಲೇ ಇದೆ.” ತಾವು ಏನಂದೆವೆಂಬುದು ಅವರಿಗೆ ತುಸು ತಡವಾಗಿ ತಿಳಿಯಿತು. “ಕ್ಷುಲ್ಲಕ ಅಂದ್ರೆ... ಅವರ ಭಾಷೆಯಲ್ಲಿ...”

“ಆಯ್ತು ಸಾರ್. ಆ ಕೊನೇದು ಎಂತಕ್ಕೆ? ಎಲ್ಲ ದೇಶದ ಕಾನೂನು ಕಟ್ಟಿಕೊಂಡು ನಮಗೆಂತ ಆಗ್ಬೇಕು?”

“ಪ್ರಶ್ನೆಗೆ ಒಂದು ತೂಕ ಬೇಡ್ವಾ? ನೀವು ಯೋಚನೆ ಮಾಡ್ಬೇಡಿ. ಮಿನಿಸ್ಟರ್ ಉತ್ತರ ಕೊಟ್ಟ ಮೇಲೆ ನಮ್ಮ ಎಂಪಿ ಎದ್ದು ಉಪಪ್ರಶ್ನೆ ಕೇಳಬಹುದು. ಸ್ಯಾವಿಯೊ ವಿಷಯ ಅಲ್ಲಿ ಬರುತ್ತೆ. ಬರೆದು ಕಳಿಸಿದ್ದೀನಿ.”

ಪ್ರಶ್ನೆಯ ದಿನ ಶುಕ್ರವಾರ. ಬಹ್ರೇನ್‌ನಲ್ಲಿ ರಜೆ. ದೆಹಲಿಯಲ್ಲಿ ಹನ್ನೊಂದಾದಾಗ ಇಲ್ಲಿ ಎಂಟೂವರೆ. ರೋಸಲಿನ್ ಚರ್ಚಿನ ಬೆಳಗಿನ ಪೂಜೆಗೆ ಹೋಗದೆ ಲಕ್ಷ್ಮೀಪತಿಯವರ ದೊಡ್ಡ ಟಿವಿಯ ಎದುರು ಕೂತಳು. ಫೋನನ್ನು ಟಿವಿಯ ಕಡೆ ಮುಖ ಮಾಡಿ ಹಿಡಿದಿದ್ದಳು, ಅದರಲ್ಲಿ ಹಡಗಿನಿಂದ ಸ್ಯಾವಿಯೊ ನೋಡುತ್ತಿದ್ದ. ಮೇಜಿನ ಮೇಲೆ ಜಯಮಾಲಾ ಮಾಡಿದ ಅವಲಕ್ಕಿ ಇತ್ತು.

ಒಂದು ಗಂಟೆಯಲ್ಲಿ ಐದು ಪ್ರಶ್ನೆ ಮುಗಿದರೆ ಹೆಚ್ಚು ಎಂದು ಲಕ್ಷ್ಮೀಪತಿಯವರು ಮೊದಲೇ ಹೇಳಿದ್ದರು. ಆ ದಿನದ ಪಟ್ಟಿ ನೂರಿಪ್ಪತ್ತೊಂದರಿಂದ ಶುರು, ತಮ್ಮದು ಆರನೆಯದು. ಒಂದನೆಯ ಪ್ರಶ್ನೆ ನೆರೆರಾಷ್ಟ್ರವೊಂದರ ನದಿಯ ಬಗ್ಗೆ. ಅದು ಇಪ್ಪತ್ತೆರಡು ನಿಮಿಷ ಹರಿಯಿತು.

“ನದಿ ಸಾಕು ಮಾರಾಯ್ರೆ, ಸಮುದ್ರಕ್ಕೆ ಬನ್ನಿ,” ಎಂದ ಹರ್ಬರ್ಟ್ ಟಿವಿಗೆ.

ಎರಡನೆಯದನ್ನು ಕೇಳಿದ ಸದಸ್ಯರು ಗೈರುಹಾಜರು. ಲಕ್ಷ್ಮೀಪತಿಯವರು ಚಪ್ಪಾಳೆ ತಟ್ಟಿದರು. ನಾಲ್ಕನೆಯವರೂ ಇರಲಿಲ್ಲ. ಜನಪ್ರತಿನಿಧಿಗಳ ಬೇಜವಾಬ್ದಾರಿಯ ಬಗ್ಗೆ ಸಂಘದ ವೇದಿಕೆಯಲ್ಲಿ ಅನೇಕ ಸಲ ಮಾತಾಡಿದ್ದ ಅವರು ಅಂದು ಅದರ ಮಹತ್ವವನ್ನು ಒಪ್ಪಿಕೊಂಡರು. ಐದನೆಯದು ಪಾಸ್‌ಪೋರ್ಟ್ ಕಚೇರಿಗಳದು. ಗಡಿಯಾರದಲ್ಲಿ ಇನ್ನು ಏಳು ನಿಮಿಷ ಉಳಿದಾಗ ಸಭಾಧ್ಯಕ್ಷರು ಕರೆದರು: ನೂರಿಪ್ಪತ್ತಾರು.

ವಿದೇಶಾಂಗ ಸಚಿವರು ಎದ್ದರು. ಉದ್ದನೆಯ, ಕೆಮ್ಮುವ ಮನುಷ್ಯ; ಹಿಂದೆ ಕಾಲೇಜಿನಲ್ಲಿ ಭೂಗೋಳ ಕಲಿಸುತ್ತಿದ್ದರಂತೆ. “ಉತ್ತರದ ವಿವರವನ್ನು ಸದನದ ಮೇಜಿನ ಮೇಲೆ ಇಡಲಾಗಿದೆ,” ಎಂದು ಇಂಗ್ಲಿಷಿನಲ್ಲಿ ಹೇಳಿ ಕೂತರು.

“ಆಯ್ತಾ?” ಎಂದಳು ರೋಸಲಿನ್.

“ಈಗ ಶುರು. ನೋಡಿ, ನಮ್ಮವರು ಎದ್ರು!”

ಎಂಪಿ ಎದ್ದರು. ಪ್ರಶ್ನೆಗೆ ಅವಕಾಶ ಕೊಟ್ಟ ಸಭಾಧ್ಯಕ್ಷರಿಗೆ ವಂದಿಸಿದರು. ಸಚಿವರಿಗೆ ವಂದಿಸಿದರು. ತಮ್ಮ ಕ್ಷೇತ್ರದ ಜನತೆಗೆ ವಂದಿಸಿದರು. ಮೂರು ನಿಮಿಷ ಹೋಯಿತು. ಆಮೇಲೆ ಕನ್ನಡಕ ಹಾಕಿ ಚೀಟಿ ಓದಿದರು: ನನ್ನ ಕ್ಷೇತ್ರದ ಸ್ಯಾವಿಯೊ ಎಂಬ ಯುವಕ ಬಹ್ರೇನ್ ತೀರದ ಹಡಗೊಂದರಲ್ಲಿ ಹತ್ತು ತಿಂಗಳಿಂದ ಸಿಲುಕಿದ್ದಾನೆ, ಅವನನ್ನು ಯಾವಾಗ ಕರೆತರುತ್ತೀರಿ?

ತಮ್ಮನ ಹೆಸರು ಲೋಕಸಭೆಯಲ್ಲಿ ಕೇಳಿ ರೋಸಲಿನ್ ಫೋನನ್ನು ಟಿವಿಗೆ ಇನ್ನಷ್ಟು ಹತ್ತಿರ ಹಿಡಿದಳು. ಫೋನಿನೊಳಗೆ ಸ್ಯಾವಿಯೊ ನೇರವಾಗಿ ಕೂತ.

ಸಚಿವರು ಅಧಿಕಾರಿಗಳು ಕೊಟ್ಟ ಹಾಳೆ ತಿರುವಿದರು. “ಮಾನ್ಯ ಸದಸ್ಯರ ಕಳಕಳಿ ನನಗೆ ಅರ್ಥವಾಗುತ್ತದೆ. ನನ್ನ ಬಳಿ ಇರುವ ಮಾಹಿತಿಯಂತೆ ಆ ದೇಶದ ತೀರದಲ್ಲಿ ಇಂದಿಗೆ ಸಿಲುಕಿರುವ ಭಾರತೀಯ ನಾವಿಕರ ಸಂಖ್ಯೆ ಶೂನ್ಯ. ಸದರಿ ಹಡಗಿನ ಎಂಟು ಮಂದಿಯಲ್ಲಿ ಏಳು ಮಂದಿಯನ್ನು ಸ್ವದೇಶಕ್ಕೆ ತರಲಾಗಿದೆ. ಎಂಟನೆಯವರು ತಮ್ಮ ಲಿಖಿತ ಒಪ್ಪಿಗೆಯ ಮೇರೆಗೆ ಅಲ್ಲಿನ ನ್ಯಾಯಾಲಯದಿಂದ ಕಾವಲುಗಾರರಾಗಿ ನೇಮಕವಾಗಿದ್ದಾರೆ. ಅವರು ಸಿಲುಕಿದವರಲ್ಲ, ನಿಯುಕ್ತರು.”

ಆಳುವ ಪಕ್ಷದ ಬೆಂಚುಗಳು ಮೇಜು ಕುಟ್ಟಿದವು. ಎಂಪಿ ಮತ್ತೆ ಏನೋ ಹೇಳಲು ಎದ್ದರು. ಮಾನ್ಯ ಸದಸ್ಯರು ನನಗೆ ಪತ್ರ ಬರೆಯಲಿ, ಪರಿಶೀಲಿಸುತ್ತೇನೆ ಎಂದರು ಸಚಿವರು. ಗಂಟೆ ಹನ್ನೆರಡಾಯಿತು. ಪ್ರಶ್ನೋತ್ತರ ಮುಗಿಯಿತು.

ಮೊದಲು ಮಾತಾಡಿದವನು ಸ್ಯಾವಿಯೊ, ಫೋನಿನಿಂದ, ಕೊಂಕಣಿಯಲ್ಲಿ. “ಕೇಳಿಸಿತು ಅಕ್ಕಾ. ನಾನು ಸಿಕ್ಕಿಬಿದ್ದಿಲ್ಲವಂತೆ. ನೌಕರಿಯಲ್ಲಿದ್ದೇನಂತೆ.” ನಕ್ಕ ಹಾಗೆ ಮಾಡಿದ. “ಅಮ್ಮನಿಗೆ ಹೇಳು, ಖುಷಿಯಾಗಲಿ.”

ಆಮೇಲೆ ಚಾರ್ಜು ಉಳಿಸಬೇಕೆಂದು ಫೋನ್ ಇಟ್ಟ.

“ಇದು ಸದನಕ್ಕೆ ತಪ್ಪು ಮಾಹಿತಿ!” ಲಕ್ಷ್ಮೀಪತಿಯವರು ಕೋಣೆಯ ಉದ್ದಕ್ಕೂ ಓಡಾಡತೊಡಗಿದರು. “ಮಿನಿಸ್ಟರ್ ಮೇಲೆ ಹಕ್ಕುಚ್ಯುತಿ ತರಬಹುದು. ಇವತ್ತೇ ಪಿ.ಎ.ಗೆ ಬರೀತೀನಿ.”

“ತಪ್ಪು ಎಲ್ಲುಂಟು ಸಾರ್?” ಎಂದಳು ರೋಸಲಿನ್. “ರುಜು ಹಾಕಿದ್ದು ಹೌದಲ್ಲ. ಹಾಕು ಅಂತ ನಾನೇ ಹೇಳಿದ್ದಲ್ಲ.”

ಅವರು ಓಡಾಡುವುದನ್ನು ನಿಲ್ಲಿಸಿದರು.

“ಆ ಮೇಜಿನ ಮೇಲೆ ಇಟ್ಟದ್ದು ಅಂತ ಹೇಳಿದ್ರಲ್ಲ, ಅದು ನಮಗೆ ಸಿಕ್ತದಾ?”

“ವೆಬ್‌ಸೈಟಲ್ಲಿ ಹಾಕ್ತಾರೆ. ಆದ್ರೆ ಅದನ್ನ ಯಾರೂ ಓದೋದಿಲ್ಲ ಸಿಸ್ಟರ್.”

“ನೀವೂ ಓದುದಿಲ್ವಾ?”

ಸಂಸತ್ತನ್ನು ಮೂವತ್ತು ವರ್ಷ ನೋಡಿದ ಲಕ್ಷ್ಮೀಪತಿಯವರು ರಿಮೋಟ್ ಎತ್ತಿ ಟಿವಿ ಆರಿಸಿದರು. ಸದಸ್ಯರು ಕೇಳುವುದನ್ನು ಅವರು ನೋಡುತ್ತಿದ್ದರು, ಸಚಿವರು ಹೇಳುವುದನ್ನು ನೋಡುತ್ತಿದ್ದರು. ಮೇಜಿನ ಮೇಲೆ ಇಟ್ಟದ್ದನ್ನು ಒಂದು ಸಲವೂ ತೆಗೆದು ನೋಡಿರಲಿಲ್ಲ.

ಮಧ್ಯಾಹ್ನ ರೋಸಲಿನ್ ತನ್ನ ಅಡುಗೆಮನೆಯಲ್ಲಿ ಕೂತು ಅದನ್ನು ಓದಿದಳು. ಹನ್ನೊಂದು ಪುಟ. ರೋಗಿಯ ಔಷಧಿಯ ಚಾರ್ಟು ಓದುವಂತೆ, ಒಂದೊಂದು ಸಾಲಿನ ಕೆಳಗೂ ಬೆರಳಿಟ್ಟು. ದೇಶವಾರು ಪಟ್ಟಿಯಲ್ಲಿ ಬಹ್ರೇನ್ ಎದುರು ಸೊನ್ನೆ ಇತ್ತು. ಆ ಸೊನ್ನೆಯ ಮೇಲೆ ಬೆರಳು ಸ್ವಲ್ಪ ಹೊತ್ತು ನಿಂತಿತು. ಸರ್ಕಾರ ಕೈಗೊಂಡ ಕ್ರಮಗಳು ನಾಲ್ಕು ಪುಟ. ಕೊನೆಯ ಭಾಗ ಆಯಾ ದೇಶಗಳ ಕಾನೂನು, ಲಕ್ಷ್ಮೀಪತಿಯವರು ತೂಕಕ್ಕೆಂದು ಸೇರಿಸಿದ್ದು. ಒಂಬತ್ತನೆಯ ಪುಟದಲ್ಲಿ ಬಹ್ರೇನ್ ಬಗ್ಗೆ ಎರಡು ವಾಕ್ಯಗಳಿದ್ದವು. ಹಡಗಿನ ಏಜೆಂಟ್ ಲಭ್ಯನಿಲ್ಲದಾಗ, ಆ ದೇಶದಲ್ಲಿ ವಾಸದ ಪರವಾನಗಿ ಇರುವ ಯಾವುದೇ ವಯಸ್ಕರು ತಾವಾಗಿ ಮುಂದೆ ಬಂದರೆ ನ್ಯಾಯಾಲಯ ಅವರನ್ನು ಬದಲಿ ಕಾವಲುಗಾರರೆಂದು ಒಪ್ಪಬಹುದು. ಅಂಥವರು ಹಡಗಿನಲ್ಲೇ ವಾಸಿಸಬೇಕೆಂದಿಲ್ಲ.

ಅವಳು ಅದನ್ನು ಮೂರು ಸಲ ಓದಿ ಹರ್ಬರ್ಟನನ್ನು ಕರೆದಳು.

ಭಾನುವಾರ ಇಬ್ಬರೂ ಕೋರ್ಟಿಗೆ ಹೋದರು. ಹುದಾ ಎಂಬ ಗುಮಾಸ್ತೆ ಕಂಪ್ಯೂಟರಿನಲ್ಲಿ ಹುಡುಕಿ, ಹೌದು, ಇಂಥ ಅರ್ಜಿ ಹಾಕಬಹುದು, ಯಾರೂ ಹಾಕುವುದಿಲ್ಲ ಅಷ್ಟೆ ಎಂದಳು, ಅರಬ್ಬಿ ಬೆರೆತ ಹಿಂದಿಯಲ್ಲಿ. ಕಾಗದ ಮುಂದೆ ತಳ್ಳುವ ಮೊದಲು ಅದರ ಮೇಲೆ ಅಂಗೈ ಇಟ್ಟಳು.

“ಸಿಸ್ಟರ್, ಸಫರ್ ಮಮ್ನೂ. ಮಾಲೂಮ್?” ಕೈಯನ್ನು ವಿಮಾನದಂತೆ ಮೇಲೆತ್ತಿ, ಬೆರಳಾಡಿಸಿ, ಇಲ್ಲವೆಂದು ಸನ್ನೆ ಮಾಡಿದಳು. “ಹಡಗು ಮಾರಾಟ ಆಗುವ ತನಕ ನೀನು ಎಲ್ಲಿಗೂ ಹೋಗುವಂತಿಲ್ಲ. ಒಂದು ವರ್ಷ ಆಗಬಹುದು. ನಾಲ್ಕೂ ಆಗಬಹುದು. ಅಲ್ಲಾಹನೇ ಬಲ್ಲ.”

ಹರ್ಬರ್ಟ್ ರೋಸಲಿನ್‌ಳನ್ನು ಪಕ್ಕಕ್ಕೆ ಕರೆದ. ಮಂಗಳೂರಿನಲ್ಲಿದ್ದ ಮಗಳು ಅಲಿಶಾ ಏಳು ತಿಂಗಳ ಬಸುರಿ. ಫೆಬ್ರವರಿಯ ಹೆರಿಗೆಗೆಂದು ರೋಸಲಿನ್ ರಜೆ ಬರೆದುಕೊಟ್ಟಾಗಿತ್ತು.

“ನಾನು ಹಾಕ್ತೇನೆ ರುಜು. ನೀನು ಹೋಗು.”

“ಅವನಿಗೆ ಹಾಕು ಅಂತ ಹೇಳಿದ್ದು ನೀವಲ್ಲ.”

“ಅಲಿಶಾ ಕೇಳಿದ್ರೆ ಎಂತ ಹೇಳುದು? ಮೊದಲ ಹೆರಿಗೆ. ತಾಯಿ ನರ್ಸ್ ಬೇರೆ.”

“ಹೆರಿಗೆ ಮಾಡಿಸುವುದು ಡಾಕ್ಟರ್. ನಾನು ಅಲ್ಲಿ ಹೊರಗೆ ಕೂತು ಜಪಮಾಲೆ ತಿರುಗಿಸುವವಳು. ಅದು ಇಲ್ಲಿಂದಲೂ ಆಗ್ತದೆ.” ಅವಳು ಹುದಾಳ ಎದುರಿಗೆ ಹೋಗಿ, ಪೆನ್ನು ಕೇಳಿದಳು.

ಎರಡು ವಾರಗಳ ಮೇಲೆ ಆದೇಶ ಬಂತು. ಶಹೀರನ ದೋಣಿಯಿಂದ ಜೆಟ್ಟಿಗೆ ಇಳಿದ ಸ್ಯಾವಿಯೊ ನೆಲ ಅಲುಗಾಡುತ್ತಿದೆ ಎಂದು ಅಲ್ಲೇ ಕೂತುಬಿಟ್ಟ. ರೋಸಲಿನ್ ಅವನ ಮಣಿಕಟ್ಟು ಹಿಡಿದು, ಗಡಿಯಾರ ನೋಡಿ, ಒಂದು ನಿಮಿಷ ನಾಡಿ ಎಣಿಸಿದಳು. ಎಣಿಸಿದ ಮೇಲೂ ಕೈ ಬಿಡಲಿಲ್ಲ. ಏನು ಮಾಡಿ ಬಿಡಿಸಿದೆ ಎಂದು ಅವನು ಕೇಳಿದ. ಲೋಕಸಭೆಯಲ್ಲಿ ಕೇಳಿದೆವಲ್ಲ, ಅದರಿಂದ ಆಯಿತು ಎಂದಳು. ಅದು ಸುಳ್ಳೂ ಆಗಿರಲಿಲ್ಲ.

ಏರ್‌ಪೋರ್ಟಿಗೆ ಲಕ್ಷ್ಮೀಪತಿಯವರೂ ಬಂದಿದ್ದರು, ಹೆಂಡತಿಯ ಜೊತೆ. ಸ್ಯಾವಿಯೊ ಗಾಜಿನ ಬಾಗಿಲು ದಾಟಿ ಮರೆಯಾದ ಮೇಲೆ ಅವರು ರೋಸಲಿನ್‌ಳ ಕಡೆ ತಿರುಗಿದರು. “ನೋಡಿ, ಈಗ ಮಿನಿಸ್ಟರ್ ಕೊಟ್ಟ ಫಿಗರ್ ಕರೆಕ್ಟ್ ಆಯ್ತು. ಝೀರೋ.”

“ನೀವು ಸ್ವಲ್ಪ ಕಲಾಪ ಮುಂದೂಡಿ,” ಎಂದಳು ಜಯಮಾಲಾ, ರೋಸಲಿನ್‌ಳ ಭುಜದ ಮೇಲೆ ಕೈಯಿಟ್ಟು.

ಫೆಬ್ರವರಿ ಹನ್ನೊಂದರಂದು ಅಲಿಶಾಗೆ ಹೆಣ್ಣುಮಗು ಹುಟ್ಟಿತು. ಹಡಗನ್ನು ಎರಡು ಸಲ ಹರಾಜಿಗಿಟ್ಟರು, ಕೊಳ್ಳುವವರು ಬರಲಿಲ್ಲ. ರೋಸಲಿನ್ ಬಹ್ರೇನ್‌ನಲ್ಲಿದ್ದಾಳೆ.