ಜೋಮು ಹಿಡಿದ ಕೆನ್ನೆ

ಸತ್ತವಳ ಸೆರಗು ಮುಖಕ್ಕೆ ಅಂಟಿಕೊಂಡುಬಿಟ್ಟಿತ್ತು. ಅನ್ನಮ್ಮ ಮೊದಲು ಮೆಲ್ಲಗೆ ಎಳೆದು ನೋಡಿದಳು, ಬರಲಿಲ್ಲ. ಅಂಗೈಯಲ್ಲಿ ನೀರು ತೆಗೆದುಕೊಂಡು ಬಟ್ಟೆಯನ್ನು ನೆನೆಸಿ ಇನ್ನೊಮ್ಮೆ ಎಳೆದಳು. ಈ ಸಲ ಬಂತು. ಬಂದದ್ದೇ ತಡ, ಅವಳು ದಡಬಡನೆ ಹಿಂದೆ ಸರಿದು ಹಿತ್ತಲಿನ ಬಾಗಿಲಿಗೆ ಬೆನ್ನು ಹಚ್ಚಿ ನಿಂತುಬಿಟ್ಟಳು.

ಗೋಡೆಗೆ ಒರಗಿಸಿ ಕೂಡಿಸಿದ್ದ ಹೆಣದ ಮುಖದಲ್ಲಿ ಬಲಗಡೆಯ ಮೂಗಿನ ಹೊರಳೆ ಇರಲೇ ಇಲ್ಲ. ಅದು ಇರಬೇಕಾದ ಜಾಗದಲ್ಲಿ ಹಸಿ ಹುಣ್ಣೊಂದು ಕೆನ್ನೆಯ ಅಂಚಿನವರೆಗೆ ಹಬ್ಬಿತ್ತು. ಎಡಗಡೆಯ ಮೂಗು ಮಾತ್ರ ನಿನ್ನೆ ಮೊನ್ನೆಯ ಹಾಗೆ, ಮೂಗುತಿ ಸಮೇತ ಚೆಂದಾಗಿಯೇ ಇತ್ತು.

ಸತ್ತವಳು ವಿರೂಪಾಕ್ಷಮ್ಮ, ಕುಕನೂರಿನ ಕಿರಾಣಿ ಅಂಗಡಿಯ ಕಳಕಪ್ಪನ ಹೆಂಡತಿ. ಚಳಿಜ್ವರ ಬಂದು ಬೆಳಗಿನ ಜಾವ ತೀರಿಕೊಂಡಿದ್ದಳು. ವರ್ಷಗಳಿಂದ ಮುಖದ ಬಲಭಾಗವನ್ನು ಸೆರಗಿನಲ್ಲಿ ಮುಚ್ಚಿಕೊಂಡೇ ಓಡಾಡಿದ ಹೆಂಗಸು. ಅದನ್ನು ಕೆಲವರು ಮರ್ಯಾದೆ ಎನ್ನುತ್ತಿದ್ದರು, ಹೆಚ್ಚಿನವರು ಸೊಕ್ಕು ಎನ್ನುತ್ತಿದ್ದರು. ಜಳಕ ಮಾಡಿಸಲು ಹಿತ್ತಲಿಗೆ ಬಂದಿದ್ದವರು ಮಗಳು ಬಸವಣ್ಣೆಮ್ಮ, ಅವಳ ಅತ್ತೆ ಯಲಬುರ್ಗಾದ ಅನ್ನಮ್ಮ, ಮತ್ತು ಪಕ್ಕದ ಮನೆಯ ಉಡಚಮ್ಮ. ಬಸವಣ್ಣೆಮ್ಮನಿಗೂ ತಾಯಿಯ ಆ ಮೂಗು ಹೊಸದೇ.

"ಮುಟ್ಟಬ್ಯಾಡ್ರಿ," ಎಂದಳು ಉಡಚಮ್ಮ. "ದೊಡ್ಡರೋಗ."

ದೊಡ್ಡರೋಗವೆಂದರೆ ಕುಷ್ಠ. ಅದರ ಹೆಸರು ಹೇಳಲು ಯಾರಿಗೂ ಧೈರ್ಯವಿಲ್ಲ, ಗುರುತು ಹಿಡಿಯಲು ಮಾತ್ರ ಎಲ್ಲರೂ ಬಲ್ಲರು. ಚರ್ಮಕ್ಕೆ ಜೋಮು ಹಿಡಿದು, ಚುಚ್ಚಿದರೂ ಸುಟ್ಟರೂ ತಿಳಿಯದೆ ಹೋದರೆ ಅದು ಅದೇ. ಈ ಒಂದು ಪರೀಕ್ಷೆಯ ಮೇಲೆ ಊರಿಗಿದ್ದ ನಂಬಿಕೆ ತಾಸೀಲದಾರರ ಮೇಲೂ ಇರಲಿಲ್ಲ. ಉಡಚಮ್ಮನ ಹತ್ತಿರ ಸಾಕ್ಷಿಯೂ ಇತ್ತು. ಪಂಚಮಿಗೆ ಕರ್ಚಿಕಾಯಿ ಕರಿಯುವಾಗ ಸೆರಗು ಚೂರು ಜಾರಿ, ಕಾದ ಎಣ್ಣೆ ಸಿಡಿದು ವಿರೂಪಾಕ್ಷಮ್ಮನ ಇದೇ ಕೆನ್ನೆ ಗುಳ್ಳೆ ಎದ್ದಿತ್ತಂತೆ. ತಾನು ತೋರಿಸುವವರೆಗೆ ಅವಳಿಗೆ ಗೊತ್ತೇ ಆಗಿರಲಿಲ್ಲವಂತೆ. ಅವತ್ತೇ ಸಂಶಯ ಬಂದಿತ್ತು, ನೆರೆಹೊರೆ ಅಂತ ಬಾಯಿ ಬಿಡಲಿಲ್ಲ ಎಂದು ಅವಳು ಹೇಳಿದಳು. ಈಗ ಬಿಟ್ಟಳು. ಅಂಗಳದಲ್ಲಿ ಕೂತ ಗಂಡಸರಿಗೂ, ವಿಭೂತಿ ಹಿಡಿದು ಕಾಯುತ್ತಿದ್ದ ಅಯ್ಯನವರಿಗೂ ಕೇಳಿಸುವಷ್ಟು ಬಿಟ್ಟಳು. ಅಂಗಳದ ಭಜನೆ ನಡುವೆಯೇ ನಿಂತಿತು.

ಅನ್ನಮ್ಮ ಕೆಟ್ಟ ಹೆಂಗಸಲ್ಲ. ಸೊಸೆಯನ್ನು ಒಂದು ದಿನವೂ ಬೈದವಳಲ್ಲ. ಆದರೆ ಈಗ ಅವಳ ಕಣ್ಣು ಸೊಸೆಯ ಮೂಗಿನ ಮೇಲೆ, ಕೆನ್ನೆಯ ಮೇಲೆ, ಬೆರಳುಗಳ ಮೇಲೆ ಹರಿದಾಡಿತು. ರೋಗ ತಾಯಿಯ ಹಾಲಿನಲ್ಲಿ ಬರುತ್ತದೆಂಬುದು ಅವಳಿಗೂ ಗೊತ್ತಿದ್ದ ಮಾತು.

"ಕೂಸಿನ್ನ ನಾ ಒಯ್ತೀನಿ," ಎಂದಳು. "ನೀ ಇಲ್ಲೇ ಅಪ್ಪನ ಮನ್ಯಾಗ ಇರು."

"ಅತ್ತಿ, ಅದು ಇನ್ನೂ ಮೊಲಿ ಕುಡಿಯೂ ಕೂಸ್ರಿ."

"ಅದಕ್ಕ ಒಯ್ತೀನಿ."

ಒಂದೇ ಗಳಿಗೆಯಲ್ಲಿ ತಾಯಿ, ಗಂಡನ ಮನೆ, ಕೂಸು ಮೂರೂ ಕೈಬಿಟ್ಟು ಹೋಗುವುದೆಂದರೆ ಬಸವಣ್ಣೆಮ್ಮ ಯಾವುದಕ್ಕೆ ಅಳಬೇಕು? ಗಂಡನನ್ನು ಕೇಳೋಣವೆಂದರೆ ಅವನು ಗುಂಡಿ ತೋಡಿಸಲು ಹೊಲಕ್ಕೆ ಹೋಗಿದ್ದ.

ಆಗ ಕಳಕಪ್ಪ ಹಿತ್ತಲಿಗೆ ಬಂದ. ಹೆಂಗಸರು ಜಳಕ ಮಾಡಿಸುವಲ್ಲಿ ಗಂಡಸು ಕಾಲಿಡಬಾರದು, ಆದರೂ ಬಂದ. ಹೆಂಡತಿಯ ತೆರೆದ ಮುಖವನ್ನು ನೋಡಿದ. ಅವನಿಗೆ ಮಾತ್ರ ಅದರಲ್ಲಿ ಹೊಸದೇನೂ ಇರಲಿಲ್ಲ.

"ರೋಗ ಅಲ್ರಿ ಬೀಗರ," ಎಂದ. "ಆಕಿ ಮಾರಿಗೆ ಜೋಮು ಇತ್ತು, ಖರೆ. ಅದು ಬಂದದ್ದಲ್ಲ. ನಾವ ಹೋಗಿ ಮಾಡಿಸಿಕೊಂಡು ಬಂದದ್ದು."

*

ಎಲ್ಲ ಶುರುವಾದದ್ದು ಮಗಳ ಮದುವೆಗೆ ಮುಂಚಿನ ಒಂದು ಶ್ರಾವಣದಲ್ಲಿ, ರೊಟ್ಟಿ ಬಡಿಯುತ್ತಿದ್ದಾಗ. ಬಲಗೆನ್ನೆಯಲ್ಲಿ ಸಿಡಿಲು ಹೊಡೆದಂತಾಗಿ ವಿರೂಪಾಕ್ಷಮ್ಮ ಹಿಟ್ಟು ಬಿಟ್ಟು ನೆಲಕ್ಕೆ ಬಿದ್ದಳು. ಕಣ್ಣು ಮಿಟುಕಿಸುವಷ್ಟರಲ್ಲಿ ನೋವು ಹೋಯಿತು. ಮತ್ತೆ ಬಂತು. ಆಮೇಲೆ ಮುಖ ತೊಳೆದರೆ ಬರತೊಡಗಿತು, ತುತ್ತು ಅಗಿದರೆ, ಮಾತಾಡಿದರೆ, ಕೊನೆಗೆ ಕಿಟಕಿಯಿಂದ ಗಾಳಿ ಬಂದು ತಾಕಿದರೂ ಬರತೊಡಗಿತು.

ಹಲ್ಲುನೋವು ಎಂದರೆ ಸಾಕು, ಕುಕನೂರಿನ ಪ್ರತಿ ಕಟ್ಟೆಯ ಮೇಲೂ ಒಬ್ಬ ವೈದ್ಯ ಎದ್ದು ನಿಲ್ಲುತ್ತಿದ್ದ. ಲವಂಗದ ಎಣ್ಣೆ ಆಯಿತು, ಜಿಗಣೆ ಕಚ್ಚಿಸಿದ್ದಾಯಿತು. ಸಂತೆಯಲ್ಲಿ ಹಲ್ಲು ಕೀಳುವವನು ಬಲಗಡೆಯ ಹಲ್ಲುಗಳನ್ನೆಲ್ಲ ಒಂದೊಂದಾಗಿ ಕಿತ್ತ. ಅವುಗಳಲ್ಲಿ ಒಂದೂ ಹುಳುಕಾಗಿರಲಿಲ್ಲ. ಎತ್ತುಗಳಿಗೆ ಬರೆ ಹಾಕುವ ಗಾಳೆಪ್ಪ ಅವಳ ಕಪಾಳಕ್ಕೂ ಒಂದು ಬರೆ ಹಾಕಿದ. ಬರೆಯ ಉರಿ ಎಷ್ಟೋ ಹಿತವಾಗಿತ್ತು ಎಂದು ಅವಳು ಗಂಡನಿಗೆ ಹೇಳಿದಳಂತೆ. ಸರಕಾರಿ ದುಕಾನಿನ ಅಫೀಮು ನಿದ್ದೆ ತರುತ್ತಿತ್ತು, ನಿದ್ದೆಯಲ್ಲೂ ಅವಳು ನರಳುತ್ತಿದ್ದಳು.

ಒಂದು ಮಧ್ಯಾಹ್ನ ಕಳಕಪ್ಪ ಅಂಗಡಿಯಿಂದ ಊಟಕ್ಕೆ ಬಂದಾಗ ಅವಳು ಬಾವಿಯ ಕಟ್ಟೆಯ ಮೇಲೆ ನಿಂತಿದ್ದಳು. ಕೈಯಲ್ಲಿ ಕೊಡವೂ ಇರಲಿಲ್ಲ, ಹಗ್ಗವೂ ಇರಲಿಲ್ಲ. ಅವನು ಏನೂ ಕೇಳದೆ ಕೈ ಹಿಡಿದು ಇಳಿಸಿಕೊಂಡ. ಮರುದಿನವೇ ಗಾಡಿ ಕಟ್ಟಿ ಕೊಪ್ಪಳಕ್ಕೆ, ಹಕೀಮ ಶಬ್ಬೀರಸಾಬರ ಹತ್ತಿರ ಕರೆದೊಯ್ದ. ಹಕೀಮರು ನಾಡಿ ಹಿಡಿದು ನೋಡಿ, ಇದು ಹಲ್ಲಿನದ್ದಲ್ಲ, ನರದ್ದು, ನನ್ನ ಹತ್ತಿರ ಇದಕ್ಕೆ ದವಾ ಇಲ್ಲ ಎಂದರು. ನನ್ನ ಹತ್ತಿರ ಇಲ್ಲ ಎಂದ ಮೊದಲ ವೈದ್ಯ ಅವರೇ. ರೈಲು ಹತ್ತಿ ಗಡಿಯಾಚೆಯ ಇಂಗ್ರೇಜಿ ಸೀಮೆಯ ಮಿಶನ್ ದವಾಖಾನೆಗೆ ಹೋಗಲು ಹೇಳಿದರು.

ಅಲ್ಲಿಯ ಗೋರಾ ಡಾಕ್ಟರು ಮೊದಲು ನರ ಮರಗಟ್ಟಲೆಂದು ಉದ್ದನೆಯ ಸೂಜಿಯಿಂದ ಕೆನ್ನೆಯೊಳಗೆ ಸ್ಪಿರಿಟ್ ಬಿಟ್ಟರು. ಆ ವರ್ಷ ಅವಳು ಹೊಟ್ಟೆ ತುಂಬ ಉಂಡಳು. ಮರುವರ್ಷ ನೋವು ತಿರುಗಿ ಬಂತು, ಬಿಟ್ಟುಹೋದ ಮನೆಗೆ ಬಂದಂತೆ ಬಂತು. ಎರಡನೆಯ ಸಲ ಹೋದಾಗ ಡಾಕ್ಟರು, ಕಿವಿಯ ಮೇಲಿನ ಎಲುಬಿಗೆ ತೂತು ಮಾಡಿ ನರವನ್ನೇ ಕಡಿಯಬೇಕು ಎಂದರು. ಕನ್ನಡ ಬಲ್ಲ ನರ್ಸಮ್ಮ ಎಲ್ಲವನ್ನೂ ತಿಳಿಸಿದಳು. ಬಿಸಿ ತಿಳಿಯುವುದಿಲ್ಲ, ಚುಚ್ಚಿದರೆ ತಿಳಿಯುವುದಿಲ್ಲ, ಮತ್ತೆ ಎಂದೂ ತಿಳಿಯುವುದಿಲ್ಲ, ಆ ಕಡೆಯ ಮಾರಿ ಸತ್ತಂಗ ಆಗ್ತೈತಿ, ನೋಡಿ ಹೇಳ್ರಿ ಎಂದಳು.

"ಅರ್ಧ ಸಾಯಲಿ ಬಿಡ್ರಿ," ಎಂದಳು ವಿರೂಪಾಕ್ಷಮ್ಮ. "ಉಳಿದ ಅರ್ಧದಾಗರ ಬದುಕ್ತೀನಿ."

*

ಕಳಕಪ್ಪ ಇಷ್ಟನ್ನೂ ಹಿತ್ತಲಿನ ನೆಲ ನೋಡುತ್ತಲೇ ಹೇಳಿದ. ಹಾಗಾದರೆ ಮೂಗು ಎಲ್ಲಿ ಹೋಯಿತು ಎಂದು ಉಡಚಮ್ಮ ಕೇಳಿದಳು. ಜೋಮು ಹಿಡಿದ ಹೊರಳೆಯೊಳಗೆ ಇರುವೆ ಹರಿದಂತಾಗುತ್ತದೆಂದು ಅವಳು ಕೆರೆದುಕೊಳ್ಳುತ್ತಿದ್ದಳು, ರಕ್ತ ಬಂದರೂ ಅವಳಿಗೆ ತಿಳಿಯುತ್ತಿರಲಿಲ್ಲ, ಮಲಗುವಾಗ ನಾನೇ ಅವಳ ಕೈಗೆ ಅರಿವೆ ಸುತ್ತಿ ಕಟ್ಟುತ್ತಿದ್ದೆ, ನಿದ್ದೆಯಲ್ಲಿ ಬಿಚ್ಚಿಕೊಳ್ಳುತ್ತಿದ್ದಳು ಎಂದ. ಊರಿಗೆ ಯಾಕೆ ಹೇಳಲಿಲ್ಲ ಎಂಬುದನ್ನು ಯಾರೂ ಕೇಳಲಿಲ್ಲ. ಅದನ್ನು ಅವನೇ ಹೇಳಿದ.

"ಕೆನ್ನಿಗೆ ಜೋಮು ಐತಿ ಅಂತ ಗೊತ್ತಾದ್ರ ಮಗಳನ್ನ ಯಾರ ಮನಿಗೆ ಕೊಡ್ತೀರಿ ಅಂದ್ಲು. ಯಾರಿಗೂ ಹೇಳಂಗಿಲ್ಲ ಅಂತ ನನ್ನ ಕಡಿಂದ ಆಣಿ ಮಾಡಿಸಿಕೊಂಡ್ಲು. ಇವತ್ತಿನ ತನಕ ನಡಿಸೀನಿ."

ನರ ಕಡಿಸಿದ ಆ ತಿಂಗಳು ಬಸವಣ್ಣೆಮ್ಮನನ್ನು ಅಳವಂಡಿಯ ಅಜ್ಜಿಯ ಮನೆಯಲ್ಲಿ ಬಿಟ್ಟಿದ್ದರು, ಹಲ್ಲು ತೋರಿಸಲು ಹೋಗುತ್ತೇವೆ ಎಂದಷ್ಟೇ ಹೇಳಿದ್ದರು. ಮದುವೆಯಾಗಿ ಗಾಡಿ ಹತ್ತುವಾಗ ಅವಳು ತಾಯಿಯ ಬಲಗೆನ್ನೆಗೆ ಕೆನ್ನೆ ಒತ್ತಿದ್ದಳು. ತಾಯಿ ಸರಕ್ಕನೆ ಮುಖ ತಿರುಗಿಸಿ ಎಡಗೆನ್ನೆ ಕೊಟ್ಟಿದ್ದಳು. ಗಂಡನ ಮನೆಗೆ ಕೊಟ್ಟ ಮೇಲೆ ಮಗಳು ಬೇಡವಾದಳು ಎಂದು ಬಸವಣ್ಣೆಮ್ಮ ದಾರಿಯುದ್ದಕ್ಕೂ ಅತ್ತಿದ್ದಳು, ಆ ಸಿಟ್ಟನ್ನು ಇಷ್ಟು ದಿನ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದಳು. ತಾಯಿ ಕೊಟ್ಟದ್ದು ತಿಳಿಯುವ ಕೆನ್ನೆಯನ್ನು. ಅದು ಅವಳಿಗೆ ಈಗ ಗೊತ್ತಾಯಿತು.

ಆದರೆ ಉಡಚಮ್ಮನಿಗೆ ಇದೆಲ್ಲ ಒಪ್ಪಿಗೆಯಾಗಲಿಲ್ಲ. ನೋವಿಗೆ ಯಾರಾದರೂ ತಲೆ ಕೊಯ್ಸಿಕೊಳ್ಳುತ್ತಾರೆಯೇ, ಕೊಯ್ಸಿಕೊಂಡವರು ಬದುಕುತ್ತಾರೆಯೇ? ಅನ್ನಮ್ಮನೂ ಬಾಗಿಲು ಬಿಟ್ಟು ಕದಲಲಿಲ್ಲ.

"ಬಲಗಿವಿ ಮ್ಯಾಲ ಕೂದಲ ಸರಿಸಿ ನೋಡ್ರಿ," ಎಂದ ಕಳಕಪ್ಪ.

ಯಾರೂ ಮುಂದೆ ಬರಲಿಲ್ಲ. ಬಸವಣ್ಣೆಮ್ಮ ಬಂದಳು. ತಾಯಿಯ ತುರುಬು ಬಿಚ್ಚಿ, ಕಿವಿಯ ಮೇಲಿನ ಕೂದಲನ್ನು ಎರಡೂ ಕಡೆಗೆ ಸರಿಸಿದಳು. ಬಿಳಿಯ ಗೆರೆಯೊಂದು ಮೇಲಕ್ಕೆ ಹೋಗಿತ್ತು, ಪಕ್ಕದಲ್ಲಿ ಹೊಲಿಗೆಯ ಚುಕ್ಕೆಗಳು. ಗೆರೆಯ ಗುಂಟ ಬೆರಳು ಇಳಿಸಿದವಳು ಒಮ್ಮೆಲೇ ತಡೆದಳು. ಅಲ್ಲಿ ಚರ್ಮದ ಕೆಳಗೆ ಎಲುಬು ಇರಲಿಲ್ಲ. ಬೆರಳು ಮೆತ್ತಗೆ ಒಳಗೆ ಇಳಿಯಿತು.

"ಅತ್ತಿ," ಎಂದಳು. ಆ ಜಾಗವನ್ನು ತೋರಿಸಿದಳು.

ಅನ್ನಮ್ಮ ಬಾಗಿಲು ಬಿಟ್ಟು ಬಂದಳು. ಸೊಸೆ ತೋರಿಸಿದ ಕಡೆ ತಾನೂ ಬೆರಳಿಟ್ಟಳು, ಇಟ್ಟವಳು ಬೆಂಕಿ ಮುಟ್ಟಿದಂತೆ ತೆಗೆದಳು, ಮತ್ತೆ ಇಟ್ಟಳು. ಒಂದು ರೂಪಾಯಿ ಮುಚ್ಚುವಷ್ಟು ಜಾಗ. ಅಷ್ಟು ದೊಡ್ಡ ತೂತನ್ನು ತಲೆಯಲ್ಲಿಟ್ಟುಕೊಂಡು ಈ ಹೆಂಗಸು ತನ್ನ ಎದುರು ಕೂತು ಮಾತುಕತೆ ಆಡಿದ್ದಳು, ಬೀಗರಿಗೆಂದು ಹೋಳಿಗೆ ಬಡಿಸಿದ್ದಳು, ಬಾಣಂತನ ಮಾಡಿದ್ದಳು.

"ಕೊಯ್ಯುವಾಗ ಎಚ್ಚರ ಇದ್ರೇನ್ರಿ, ಬೀಗರ?" ಎಂದು ಕೇಳಿದಳು.

"ಎಚ್ಚರ ಇದ್ಲು. ಮದ್ದು ಹಾಕಿ ಚರ್ಮ ಅಷ್ಟ ಮರಗಟ್ಟಿಸಿದ್ರು." ಕಳಕಪ್ಪ ಮೊದಲ ಸಲ ತಲೆ ಎತ್ತಿದ. "ನಾ ಹೊರಗ ನಿಂತಿದ್ದೆ. ನರ ಕಡಿದ ಮ್ಯಾಲ ನರ್ಸಮ್ಮಗ, ನನ್ನ ಕೆನ್ನಿ ಮ್ಯಾಲ ಊದ್ರಿ ಅಂದ್ಲಂತ. ಊದಿದ್ರು. ಆಕಿ ನಕ್ಕಿದ್ದು ನನಗ ಹೊರಗ ಕೇಳಿಸ್ತು."

ಉಡಚಮ್ಮ ಕಣ್ಣು ಕೆಳಗೆ ಹಾಕಿ ಒಲೆಯ ಕಡೆಗೆ ಹೋದಳು. ಕಳಕಪ್ಪ ಬಾಗಿಲು ಎಳೆದುಕೊಂಡು ಅಂಗಳಕ್ಕೆ ನಡೆದ. ಮನೆಯೊಳಗೆ ಕೂಸು ಎದ್ದು ಅಳತೊಡಗಿತು. ಬಸವಣ್ಣೆಮ್ಮ ಏಳಲೋ ಬೇಡವೋ ಎಂದು ಅತ್ತೆಯ ಮುಖ ನೋಡಿದಳು.

"ಹೋಗು, ಹಸಿದೈತಿ," ಎಂದಳು ಅನ್ನಮ್ಮ. "ಕುಡಿಸಿಕೊಂಡು ಬಾ. ಅಷ್ಟರಾಗ ನಿಮ್ಮವ್ವಗ ನೀರು ಹಾಕತೀನಿ."

ಅವಳು ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಕೂತಳು. ವಿರೂಪಾಕ್ಷಮ್ಮನ ತಲೆಯನ್ನು ತನ್ನ ತೋಳಿಗೆ ಒರಗಿಸಿಕೊಂಡು, ಎಡಗೈಯನ್ನು ಆ ಹರಿದ ಮೂಗಿನ ಮೇಲೆ ಅಡ್ಡ ಹಿಡಿದು, ಒಳಗೆ ಹನಿಯೂ ಹೋಗದಂತೆ ನೋಡಿಕೊಳ್ಳುತ್ತ ನೀರು ಹಾಕತೊಡಗಿದಳು.